ನೈದಾಳ ಮನೆಗೆ ದಾರಿ

ಆಕಾಶಕ್ಕೆ ಏಣಿ ಇಟ್ಟರೆ ನಾಲ್ಕೇ ಮೆಟ್ಟಿಲಿಗೆ ಮುಟ್ಟಬಹುದು ಅನ್ನುವಷ್ಟು ಎತ್ತರದಲ್ಲಿ ಒಂದು ಊರು. ಆ ಊರಿನ ಬೀದಿಗಳಿಗೆ ಹೆಸರಿಲ್ಲ, ಮನೆಗಳಿಗೆ ನಂಬರಿಲ್ಲ. ಅಲ್ಲಿಯ ಹುಡುಗಿಯೊಬ್ಬಳು ಮಾಡಬಾರದ್ದು ಮಾಡಿ, ಕೆಳಗಿನ ಕಣಿವೆಯಲ್ಲಿ ಎತ್ತರದ ಗೋಡೆಯೊಳಗೆ ಸೇರಿಕೊಂಡಳಂತೆ. ಹೋಗುವಾಗ ದಾರಿ ಕೇಳುವ ಪ್ರಮೇಯ ಬರಲಿಲ್ಲ. ಪೊಲೀಸಿನವರೇ ಕೂರಿಸಿಕೊಂಡು ಹೋದರು. ಒಂದೂವರೆ ವರ್ಷ ಕಳೆದು ಬಾಗಿಲು ತೆಗೆಯುವ ದಿನ ಹತ್ತಿರ ಬಂದಾಗ ಕಾವಲಿನವರು ಕೇಳಿದರಂತೆ: 'ನಿನ್ನ ಮನೆ ಎಲ್ಲಿ?' ಹುಡುಗಿ ಬೆರಳನ್ನು ಮೇಲಕ್ಕೆ ತೋರಿಸಿದಳು. 'ಅದು ಆಕಾಶ. ಕಾಗದದ ಮೇಲೆ ತೋರಿಸು' ಅಂದರಂತೆ.

ಅಜ್ಜಿಯರು ಹೇಳಿದರೆ ಹೀಗೇ ಹೇಳುತ್ತಾರೆ. ಆದರೆ ಇದು ನಡೆದದ್ದು ಕಳೆದ ಡಿಸೆಂಬರಿನಲ್ಲಿ. ಊರು ದೂರದೇಶದ ಬೆಟ್ಟದ ಮೇಲಿನ ಎಲ್ ಆಲ್ತೊ. ಹುಡುಗಿ ಹದಿನೇಳರ ನೈದಾ ಪೋಮ. ಅವಳ ಮುಂದೆ ಕಾಗದವನ್ನೂ ಪೆನ್ಸಿಲನ್ನೂ ಇಟ್ಟವಳು ದೆಲ್ಫಿನ ಲಾರುತ. ಇಪ್ಪತ್ತಾರು ವರ್ಷದ ದೆಲ್ಫಿನ ಕಿರಿಯರ ಬಂಧನ ಕೇಂದ್ರದಲ್ಲಿ ಹೊಸ ಕೆಲಸಕ್ಕೆ ಸೇರಿ ಎರಡು ತಿಂಗಳೂ ತುಂಬಿರಲಿಲ್ಲ.

ಆ ಕೆಲಸವೇ ಹೊಸದು. ಮೊದಲಾದರೆ ಬಿಡುಗಡೆಯ ದಿನ ಬೆಳಿಗ್ಗೆ ಗೇಟಿನ ಹತ್ತಿರ ಒಂದು ಬಟ್ಟೆಚೀಲ ಕೊಟ್ಟು 'ಹೋಗಿ ಬಾ' ಅನ್ನುತ್ತಿದ್ದರು. ಕೆಲವರು ಹೋಗಿ ನಿಜವಾಗಿಯೂ ಬರುತ್ತಿದ್ದರು, ಆರು ತಿಂಗಳೊಳಗೆ, ಅದೇ ಪೊಲೀಸ್ ಗಾಡಿಯಲ್ಲಿ. ನೂರಿಪ್ಪತ್ತು ಮಕ್ಕಳಿಗೆ ನಾಲ್ಕು ಜನ ಅಧಿಕಾರಿಗಳಿದ್ದರೆ ಯಾರು ಯಾರ ಮುಖ ನೆನಪಿಟ್ಟುಕೊಳ್ಳಬೇಕು? ಈ ವರ್ಷ ಇಲಾಖೆ ಇನ್ನೂ ಐದು ಜನರನ್ನು ಸೇರಿಸಿಕೊಂಡಿತು. ಜೊತೆಗಾರರು ಅಂತ ಅವರ ಹೆಸರು. ಬಿಡುಗಡೆಗೆ ಎರಡು ತಿಂಗಳ ಮುಂಚೆ ಮಗುವಿನ ಕೈ ಹಿಡಿಯಬೇಕು, ಹೊರಗೆ ಬಂದಮೇಲೆ ಆರು ತಿಂಗಳು ಬಿಡಬಾರದು, ಪ್ರತಿ ಶನಿವಾರ ಮನೆಗೆ ಹೋಗಿ ನೋಡಬೇಕು. ದೆಲ್ಫಿನಳ ಪಾಲಿಗೆ ಹನ್ನೊಂದು ಜನ ಬಂದಿದ್ದರು. ಮೊದಲು ಹೊರಡುವವಳು ನೈದಾ.

ನೈದಾಳಿಗೆ ಸಂಜೆಶಾಲೆಯಲ್ಲಿ ಜಾಗ ಸಿಕ್ಕಿತ್ತು. ಉಬ್ಬಸದ ಔಷಧಿಗೆ ಆರೋಗ್ಯ ಕೇಂದ್ರದ ಚೀಟಿ ಆಗಿತ್ತು. ಉಳಿದದ್ದು ಮನೆಯೊಂದೇ. ಹುಡುಗಿ ಎಲ್ಲಿಗೆ ಹೋಗುತ್ತಾಳೆ ಅನ್ನುವುದಕ್ಕೆ ಕೈಯಲ್ಲಿ ಬರೆದ ನಕ್ಷೆ ಬೇಕು, ಆ ನಕ್ಷೆಯ ಮೇಲೆ ಬಡಾವಣೆಯ ಪಂಚಾಯಿತಿಯ ಮುದ್ರೆ ಬೇಕು. ಅದಿಲ್ಲದೆ ನ್ಯಾಯಾಧೀಶರು ಸಹಿ ಹಾಕುವುದಿಲ್ಲ. ವಿಚಾರಣೆ ಶುಕ್ರವಾರಕ್ಕಿತ್ತು. ಅದು ತಪ್ಪಿದರೆ ಕೋರ್ಟಿಗೆ ವರ್ಷದ ಕೊನೆಯ ರಜೆ. ಮುಂದಿನ ದಿನಾಂಕ ಮಾರ್ಚಿಗೆ.

ಸೋಮವಾರ ನೈದಾ ನಾಲಿಗೆ ಕಚ್ಚಿಕೊಂಡು ನಕ್ಷೆ ಬರೆದಳು.

"ಇದೇನು?"

"ಮಿನಿಬಸ್ ನಿಲ್ಲೋ ಜಾಗ. ಇಳಿದ್ರೆ ಎದುರಿಗೇ ಆಪಿ ಮಾರೋ ಅಮ್ಮ."

"ಇನ್ನೂ ಇರ್ತಾಳಾ ಅಲ್ಲಿ?"

"ಅವಳು ಸತ್ರೂ ಅಲ್ಲೇ ಕೂತಿರ್ತಾಳೆ. ಜೋಳದ ಆಪಿ ಗಂಜಿ ಕುದಿಸ್ಕೊಂಡು."

"ಇದು?" ಕಂಬದಿಂದ ಒಂದು ಮನುಷ್ಯಾಕೃತಿ ನೇತಾಡುತ್ತಿತ್ತು.

"ಬೊಂಬೆ," ನೈದಾ ತಲೆಯೆತ್ತಲಿಲ್ಲ. "ಕಳ್ಳ ಸಿಕ್ರೆ ಸುಡ್ತೀವಿ ಅಂತ ಎದೆ ಮೇಲೆ ಬರ್ದಿರ್ತಾರಲ್ಲ, ಅದು. ಅಲ್ಲಿ ಎಡಕ್ಕೆ ತಿರುಗ್ಬೇಕು. ಇದು ನಾಯಿ. ಇದು ನೀಲಿ ಗೇಟು. ಆಮೇಲೆ ಹದಿಮೂರನೇ ಬಾಗಿಲು."

ಕೊನೆಯ ಬಾಗಿಲಿನಲ್ಲಿ ಒಂದು ಲಂಗವನ್ನೂ ಟೋಪಿಯನ್ನೂ ಬರೆದು ಅದಕ್ಕೆ ಮುಖ ಬರೆಯದೆ ಬಿಟ್ಟಳು. ಅದು ಅವಳ ಅಜ್ಜಿ, ದೋನ್ಯ ಸತುರ್ನೀನ; ಅಲ್ಲಿ ಹಿರಿಯ ಹೆಂಗಸರಿಗೆ 'ದೋನ್ಯ', ಗಂಡಸರಿಗೆ 'ದೊನ್' ಅನ್ನುತ್ತಾರೆ. ಒಂದೂವರೆ ವರ್ಷದಲ್ಲಿ ಅಜ್ಜಿ ಕೇಂದ್ರಕ್ಕೆ ಬಂದದ್ದು ಎರಡೇ ಸಲ. ಕಣ್ಣಿಗೆ ಪೊರೆ, ಮೊಣಕಾಲು ಬಾಗುವುದಿಲ್ಲ.

"ಮುದ್ರೆ ಸಿಗಲ್ಲ ಬಿಡಿ," ಅಂದಳು ನೈದಾ. "ನಾನೇನು ಮಾಡಿದ್ದು ಅಂತ ಅಲ್ಲಿ ಎಲ್ರಿಗೂ ಗೊತ್ತು."

ಅವಳು ಮಾಡಿದ್ದು ಇಷ್ಟು: ದೋನ್ಯ ಬೆನೀತಳ ಅಂಗಡಿಯನ್ನು ಇಬ್ಬರು ದೊಡ್ಡ ಹುಡುಗರು ಖಾಲಿ ಮಾಡುವಾಗ ಬೀದಿಯ ತುದಿಯಲ್ಲಿ ನಿಂತು, ಯಾರಾದರೂ ಬಂದರೆ ಸಿಳ್ಳೆ ಹೊಡೆಯುವುದು. ಯಾರೂ ಬರಲಿಲ್ಲ. ಆಮೇಲೆ ಎಲ್ಲರೂ ಬಂದರು.

"ಶುಕ್ರವಾರ ನಿನ್ನನ್ನ ನಿನ್ನ ಮನೆ ಬಾಗಿಲಲ್ಲಿ ಬಿಟ್ಟೇ ಬರ್ತೀನಿ. ಮಾತು ಕೊಟ್ಟಿದ್ದೀನಿ," ಅಂದಳು ದೆಲ್ಫಿನ. ಹೊಸ ಕೆಲಸದವರು ಇಂಥ ಮಾತನ್ನು ಬೇಗ ಕೊಟ್ಟುಬಿಡುತ್ತಾರೆ.

ಮಂಗಳವಾರ ನಕ್ಷೆ ಹಿಡಿದು ನೈದಾ ಇದ್ದ ಹೊಸಬೆಳಗು ಬಡಾವಣೆಗೆ ಹೋದಳು. ಆಪಿಯ ಅಮ್ಮ ಇದ್ದಲ್ಲೇ ಇದ್ದಳು. ಬೊಂಬೆಯೂ ಇತ್ತು. ದೆಲ್ಫಿನ ಎಡಕ್ಕೆ ತಿರುಗಿ, ಪೆನ್ಸಿಲ್ ತುದಿಯಿಂದ ಒಂದೊಂದೇ ಬಾಗಿಲನ್ನು ಎಣಿಸುತ್ತಾ ನಡೆದಳು. ಆರು. ಏಳು. ನೀಲಿ ಗೇಟಿಗೆ ಈಗ ಹಸಿರು ಬಣ್ಣ ಬಳಿದಿದ್ದರಿಂದ ಅನುಮಾನ ಬಂದು, ನಿಂತು, ಒಳಗೆ ಇಣುಕಿ, ಕಾಗದದಲ್ಲಿ ಗುರುತು ಹಾಕಿಕೊಂಡಳು.

ಎಲ್ಲೋ ಒಂದು ಸಿಳ್ಳೆ ಕೇಳಿಸಿತು. ಹಿಂದೆಯೇ ಢಂ ಅಂತ ಒಂದು ಪಟಾಕಿ.

ಕಳ್ಳರು ಬಂದರು, ಎಲ್ಲರೂ ಬನ್ನಿ ಅನ್ನುವ ಆ ಪಟಾಕಿಯ ಅರ್ಥ ದೆಲ್ಫಿನಳಿಗೆ ಗೊತ್ತಿಲ್ಲದ್ದೇನಲ್ಲ. ಅವಳೂ ಇದೇ ಊರಿನ ಇನ್ನೊಂದು ತುದಿಯವಳು. ಬೇರೆಯವರ ಬಡಾವಣೆಗೆ ಕಾಲಿಟ್ಟರೆ ಮೊದಲು ಅಧ್ಯಕ್ಷನ ಮನೆಗೆ ಹೋಗಿ, ಒಂದು ಹಿಡಿ ಕೋಕಾ ಎಲೆ ಮುಂದಿಟ್ಟು, ಯಾರು ಏನು ಅಂತ ಹೇಳಿ, ಆಮೇಲೆ ಮುಂದಿನ ಹೆಜ್ಜೆ. ಇದನ್ನು ಹಾಲುಹಲ್ಲಿನ ಮಕ್ಕಳಿಗೂ ಕಲಿಸಿರುತ್ತಾರೆ. ಆದರೆ ಮೂರೇ ದಿನ ಉಳಿದಿದೆ, ಕುತ್ತಿಗೆಯಲ್ಲಿ ಸರ್ಕಾರದ ಬಿಲ್ಲೆ ಇದೆ, ಮೊದಲು ಅಜ್ಜಿಯನ್ನು ನೋಡಿಬಿಡೋಣ ಅಂತ ನೇರವಾಗಿ ನಡೆದುಬಿಟ್ಟಿದ್ದಳು.

ಕಣ್ಣುಮುಚ್ಚಿ ತೆಗೆಯುವುದರೊಳಗೆ ಇಪ್ಪತ್ತು ಜನ ಸುತ್ತುವರಿದರು. ಪೊರಕೆ ಹಿಡಿದವರು, ಮಗು ಕಟ್ಟಿಕೊಂಡವರು, ಆಲೂಗಡ್ಡೆ ಸುಲಿಯುತ್ತಿದ್ದ ಚಾಕು ಕೈಯಲ್ಲೇ ಇದ್ದವರು.

"ಯಾರೇ ಅಮ್ಮಾ ನೀನು? ಯಾರ ಮನೆ ಬಾಗಿಲು ಎಣಿಸ್ತಿದ್ದೀಯ?"

"ನಾನು ಸರ್ಕಾರದ ಕಡೆಯವಳು. ಇಲ್ನೋಡಿ, ಬಿಲ್ಲೆ."

"ಹೋದ ತಿಂಗಳು ಬಂದೋನೂ ಬಿಲ್ಲೆ ತೋರಿಸಿದ್ದ. ನೀರಿನ ಮೀಟರ್ ನೋಡ್ತೀನಿ ಅಂದ. ಮೀಟರೂ ಇಲ್ಲ, ಗ್ಯಾಸ್ ಸಿಲಿಂಡರೂ ಇಲ್ಲ ಈಗ."

ಯಾರೋ ನಕ್ಷೆ ಕಿತ್ತುಕೊಂಡರು. ಅದು ಕೈಯಿಂದ ಕೈಗೆ ಹೋಯಿತು.

"ಅಯ್ಯೋ ನೋಡ್ರೇ, ನಮ್ಮ ನಾಯೀನೂ ಬರ್ದಿದ್ದಾಳೆ! ಕಿವಿ ಸಮೇತ!"

"ಪಕ್ಕದಲ್ಲಿ ಏನೋ ಬರ್ದಿದೆ, ಓದು ಓದು."

ಓದಲು ಬರುವವನೊಬ್ಬ ಗಟ್ಟಿಯಾಗಿ ಓದಿದ: "ಈ ನಾಯಿ ಕಚ್ಚುವುದಿಲ್ಲ."

ದೆಲ್ಫಿನ ಬೆಳಿಗ್ಗೆ ಅದನ್ನು ಓದಿ ನಕ್ಕಿದ್ದಳು. ಈಗ ಇಪ್ಪತ್ತು ಮುಖಗಳ ಮೇಲೆ ಅದೇ ವಾಕ್ಯ ಬೇರೆಯೇ ಆಗಿ ಕೂತಿತು.

"ಯಾರು ಬರ್ದಿದ್ದು ಇದನ್ನ?"

ಸುಳ್ಳು ಹೇಳಬಹುದಿತ್ತು. ಆದರೆ ನಾಳೆ ಮುದ್ರೆ ಕೇಳುವುದು ಇವರನ್ನೇ. "ನೈದಾ ಪೋಮ," ಅಂದಳು.

ಎಲ್ಲರೂ ಒಂದೇ ಹೆಂಗಸಿನ ಕಡೆ ತಿರುಗಿದರು. ದಪ್ಪ ಜಡೆಯ, ಗಿಡ್ಡನೆಯವಳು. ಅವಳ ಹಿಂದೆ ಅಂಗಡಿಯ ಬಾಗಿಲಿಗೆ ಹೊಸ ಕಬ್ಬಿಣದ ಜಾಲರಿ. ದೋನ್ಯ ಬೆನೀತ ಅಂತ ಯಾರೂ ಹೇಳಬೇಕಾಗಿರಲಿಲ್ಲ.

"ಒಳಗೆ ಕೂತ್ಕೊಂಡೂ ಕಸುಬು ಬಿಟ್ಟಿಲ್ಲ ಹುಡುಗಿ," ಅಂದಳು ಬೆನೀತ.

ಅಷ್ಟರಲ್ಲಿ ಅಧ್ಯಕ್ಷ ದೊನ್ ಫೌಸ್ತೀನೊ ಕೆಮ್ಮುತ್ತಾ ಬಂದ. ಗಣಿಯಲ್ಲಿ ಇಪ್ಪತ್ತೆರಡು ವರ್ಷ ದುಡಿದವನು. ಮಾತಿಗಿಂತ ಮುಂಚೆ ಕೆಮ್ಮು ಬರುತ್ತಿತ್ತು. ಬಿಲ್ಲೆ ನೋಡಿದ, ನಕ್ಷೆ ನೋಡಿದ, ದೆಲ್ಫಿನಳ ಕೆಂಪಗಾದ ಕಿವಿ ನೋಡಿದ.

"ಮೇಡಮ್ಮಾ, ನಾನು ನಿಮ್ಮನೆಗೆ ಬಂದು, ನಿಮ್ಮಪ್ಪನ್ನ ಮಾತಾಡಿಸ್ದೆ ಸೀದಾ ಅಡುಗೆಮನೆಗೆ ನುಗ್ಗಿ ಪಾತ್ರೆ ಮುಚ್ಚಳ ತೆಗೆದು ನೋಡಿದ್ರೆ ಏನಂತೀರಿ?"

"ತಪ್ಪಾಯ್ತು," ಅಂದಳು ದೆಲ್ಫಿನ. ನಿಜವಾಗಿಯೂ ತಪ್ಪೇ ಆಗಿತ್ತು. ಅಲ್ಲೇ, ಬೀದಿಯಲ್ಲೇ ನಿಂತು, ಬಂದ ಕಾರಣವನ್ನು ಮೊದಲಿಂದ ಹೇಳಿದಳು: ಶುಕ್ರವಾರ, ನ್ಯಾಯಾಧೀಶರು, ಮುದ್ರೆ, ಮಾರ್ಚ್, ಆಮೇಲಿನ ಆರು ತಿಂಗಳ ಶನಿವಾರಗಳು.

ಫೌಸ್ತೀನೊ ಕೋಟಿನ ಒಳಜೇಬನ್ನು ಮುಟ್ಟಿಕೊಂಡ. ಮುದ್ರೆ ಅಲ್ಲೇ ಇತ್ತು, ಕರವಸ್ತ್ರದಲ್ಲಿ ಸುತ್ತಿ. ಹೊರಗೆ ತೆಗೆಯಲಿಲ್ಲ. "ಬಡಾವಣೆ ಕೆಲಸಕ್ಕೆ ಮನೆಗೊಬ್ರು ಬರ್ಬೇಕು. ಆ ಮನೆಯಿಂದ ಒಂದೂವರೆ ವರ್ಷದಿಂದ ಯಾರೂ ಬಂದಿಲ್ಲ."

"ಆ ಅಜ್ಜಿಗೆ ಎಂಬತ್ತು ವರ್ಷ, ದೊನ್ ಫೌಸ್ತೀನೊ."

"ಗೊತ್ತು. ಅದಕ್ಕೇ ಬೈದಿಲ್ಲ. ಆದ್ರೆ ಕರುಣೆ ಬೇರೆ, ಮುದ್ರೆ ಬೇರೆ."

"ಬರ್ಬೇಕಾದವಳು ಇವರ ಹತ್ರಾನೇ ಇದ್ದಾಳಲ್ಲ," ಬೆನೀತ ಮೂಗು ಮುರಿದಳು. "ಕಳಿಸ್ಲಿ. ಗುರುವಾರ ಬೀದಿಗೆ ಕಲ್ಲು ಹಾಸೋದಿದೆ. ಗೋಡೆ ಹಾರಿ ಬರ್ತಾಳೇನೋ!"

ಎಲ್ಲರೂ ನಕ್ಕರು. ದೆಲ್ಫಿನ ನಗಲಿಲ್ಲ. "ಎಷ್ಟು ಗಂಟೆಗೆ?" ಅಂತ ಕೇಳಿದಳು.

ಅಲ್ಲಿಂದ ಅಜ್ಜಿಯ ಮನೆಗೂ ಹೋದಳು, ಈ ಸಲ ಅಧ್ಯಕ್ಷನ ಹಿಂದೆ. ಸತುರ್ನೀನ ಬಿಸಿಲಿಗೆ ಬೆನ್ನು ಕೊಟ್ಟು ಚುನ್ಯೊ, ಅಂದರೆ ಹಿಮದಲ್ಲಿ ಒಣಗಿಸಿದ ಆಲೂಗಡ್ಡೆ, ಆರಿಸುತ್ತಾ ಕೂತಿದ್ದಳು, ಕಣ್ಣಿಂದಲ್ಲ, ಬೆರಳಿಂದ. "ಹುಡುಗಿ ಬರ್ತಾಳಾ?" ಅಂತ ಒಂದೇ ಮಾತು ಕೇಳಿದಳು. "ಬಂದ್ರೆ ಹೊದಿಕೆ ಒಂದೇ ಇದೆ, ಅಡ್ಡಿಯಿಲ್ಲ, ನಾನು ಸಣ್ಣಗಾಗಿದ್ದೀನಿ."

ಬುಧವಾರ ಪೂರ್ತಿ ಕೇಂದ್ರದ ನಿರ್ದೇಶಕಿಯ ಕೋಣೆಯಲ್ಲಿ ಹೋಯಿತು. ಹೊಸ ಆದೇಶದ ಹನ್ನೊಂದನೆಯ ಅಂಶದಲ್ಲಿ ಒಂದು ಸಾಲಿತ್ತು: ಕೊನೆಯ ತಿಂಗಳಲ್ಲಿ, ಜೊತೆಗಾರರ ಹೊಣೆಯ ಮೇಲೆ, ಮನೆ-ಶಾಲೆ-ಕೆಲಸದ ಏರ್ಪಾಟಿಗಾಗಿ ಹಗಲು ಹೊರಗೆ ಕರೆದೊಯ್ಯಬಹುದು. ಆ ಸಾಲನ್ನು ಇನ್ನೂ ಯಾರೂ ಉಪಯೋಗಿಸಿರಲಿಲ್ಲ.

"ಇದು ಶಾಲೆಗೆ ಸೇರಿಸೋದಕ್ಕೆ ಅಂತ ಬರ್ದಿರೋದು. ಕಲ್ಲು ಹೊರೋದಕ್ಕಲ್ಲ," ಅಂದಳು ನಿರ್ದೇಶಕಿ.

"ಮನೆಯ ಏರ್ಪಾಟು ಅಂತಲೂ ಇದೆ. ಅವಳ ಮನೆಯ ಬಾಗಿಲು ಆ ಕಲ್ಲಿನ ಕೆಳಗಿದೆ, ಮೇಡಮ್."

"ಓಡಿಹೋದ್ರೆ?"

"ನನ್ನ ಕೆಲ್ಸಾನೂ ಅವಳ ಹಿಂದೇನೇ ಓಡುತ್ತೆ."

"ಬರೀ ನಿನ್ನದಲ್ಲ ತಾಯಿ. ಈ ಸಾಲೂ ಓಡುತ್ತೆ. ಉಳಿದ ಮಕ್ಕಳಿಗೂ ಇಲ್ಲದ ಹಾಗೆ." ಸ್ವಲ್ಪ ಹೊತ್ತು ಕನ್ನಡಕ ಒರೆಸಿ, ನಿರ್ದೇಶಕಿ ಸಹಿ ಹಾಕಿದಳು. "ಉಬ್ಬಸದ ಪಂಪು ಮರೀಬೇಡ."

ಗುರುವಾರ ಬೆಳಿಗ್ಗೆ ಏಳಕ್ಕೆ ಇಬ್ಬರೂ ಮಿನಿಬಸ್ಸಿನಲ್ಲಿ ಕಣಿವೆಯಿಂದ ಮೇಲಕ್ಕೆ ಹತ್ತಿದರು. ನೈದಾ ಕಿಟಕಿಗೆ ಹಣೆ ಒತ್ತಿಕೊಂಡು ಕೂತಿದ್ದಳು. ಅರ್ಧ ದಾರಿಯಲ್ಲಿ ಕಣ್ಣು ಮುಚ್ಚಿಕೊಂಡು, ಮತ್ತೆ ತೆರೆದಳು. ಒಂದೂವರೆ ವರ್ಷ ಮೂವತ್ತು ಹೆಜ್ಜೆಯ ಅಂಗಳದಲ್ಲಿ ನಡೆದವಳಿಗೆ ಇಷ್ಟು ದೂರ ಒಮ್ಮೆಗೇ ಕಾಣಿಸಿದ್ದಕ್ಕೆ ಇರಬೇಕು. ದೂರದಲ್ಲಿ ಇಲ್ಯಿಮಾನಿ ಬೆಟ್ಟ ಮಂಜು ಹೊದ್ದು, ದೊಡ್ಡಮ್ಮನ ಹಾಗೆ ಕಾಲು ಚಾಚಿ ಕೂತಿತ್ತು.

ಬೊಂಬೆಯ ಕಂಬದ ಕೆಳಗೆ ನೈದಾ ನಿಂತುಬಿಟ್ಟಳು.

"ಅದು ನನ್ನ ಪ್ಯಾಂಟು."

ದೆಲ್ಫಿನ ನೋಡಿದಳು. ನೇತಾಡುವ ಬೊಂಬೆಗೆ ಶಾಲೆಯ ಆಟದ ಉಡುಪು, ಬಿಳಿ ಪಟ್ಟಿಯ ನೀಲಿ ಪ್ಯಾಂಟು. ಪ್ರತಿ ವರ್ಷ ಬೊಂಬೆ ಹೊಸದು ಮಾಡುವಾಗ ಮನೆಮನೆಯಿಂದ ಹಳೆ ಬಟ್ಟೆ ಕೇಳುತ್ತಾರೆ.

"ಅಜ್ಜಿಗೆ ಕಣ್ಣು ಕಾಣಲ್ಲ," ಅಂದಳು ದೆಲ್ಫಿನ ಅವಸರದಿಂದ.

"ಕಾಣದಿದ್ರೂ ಬಟ್ಟೆ ಮುಟ್ಟಿದ್ರೆ ಗೊತ್ತಾಗುತ್ತೆ ಅವಳಿಗೆ. ಕೇಳಿದ್ರು, ಇದ್ದದ್ರಲ್ಲಿ ಗಟ್ಟಿ ಇದ್ದದ್ದು ಕೊಟ್ಟಿದ್ದಾಳೆ." ನೈದಾ ಎಡಕ್ಕೆ ತಿರುಗಿದಳು. "ಅದು ನನಗೆ ಈಗ ಗಿಡ್ಡ ಆಗುತ್ತೆ ಬಿಡಿ."

ಬೀದಿಯಲ್ಲಿ ಅರವತ್ತು ಜನ. ಗುದ್ದಲಿ, ಹಾರೆ, ಕಲ್ಲಿನ ಗುಡ್ಡೆ. ಇವರನ್ನು ಕಂಡು ಗುದ್ದಲಿಗಳು ಒಂದೊಂದಾಗಿ ನಿಂತವು. ಫೌಸ್ತೀನೊ ಹಾಜರಿಪುಸ್ತಕ ತೆರೆದು, ಯಾವ ಭಾವವೂ ಇಲ್ಲದೆ ಕೂಗಿದ: "ಪೋಮ ಮನೆ?"

"ಬಂದಿದ್ದೀನಿ," ಅಂದಳು ನೈದಾ.

ಬೆನೀತ ತನ್ನ ಅಂಗಡಿಯ ಮುಂದಿನ ತುಂಡು ಬೀದಿಯನ್ನು ಹಾರೆಯಿಂದ ತೋರಿಸಿದಳು. "ಇಲ್ಲಿ ಹಾಸು. ನನ್ನ ಕಣ್ಣ ಮುಂದೆ."

ನೈದಾ ಮಂಡಿಯೂರಿ ಕೂತಳು. ದೆಲ್ಫಿನಳೂ ಅಂಗಿಯ ತೋಳು ಮಡಚಿಕೊಂಡು ಕಲ್ಲು ಹೊರತೊಡಗಿದಳು. ಎರಡನೆಯ ಗಂಟೆಯಲ್ಲಿ ಬೆನೀತ ಬಾಯಿ ತೆರೆದಳು.

"ಸೊಟ್ಟ."

ನೈದಾ ಕಲ್ಲು ಕಿತ್ತು ಮತ್ತೆ ಇಟ್ಟಳು.

"ಇನ್ನೂ ಸೊಟ್ಟ. ಒಳಗೆ ಏನ್ ಕಲಿಸಿದ್ರೇ ನಿಂಗೆ?"

"ಹೊಲಿಗೆ."

"ಹಾಗಾದ್ರೆ ಸೂಜಿ ತರ್ಬೇಕಿತ್ತು." ಪಕ್ಕದವರು ಕಿಸಕ್ಕೆಂದರು. ಬೆನೀತ ನಗಲಿಲ್ಲ. "ಆವತ್ತು ಸಿಳ್ಳೆ ಹೊಡೆಯೋಕೆ ಅಂತ ನಿಂತಿದ್ದವಳು ನೀನೇ ತಾನೆ?"

"ನಾನೇ."

"ಅವರು ಹೊತ್ಕೊಂಡು ಹೋದ ಮೂರು ಮೊಬೈಲಿನಲ್ಲಿ ಒಂದ್ರಲ್ಲಿ ನನ್ನ ಸತ್ತ ಮಗನ ಫೋಟೋ ಇತ್ತು. ಗೊತ್ತಾ ನಿಂಗೆ?"

ನೈದಾಳ ಕೈ ನಿಂತಿತು. "ಗೊತ್ತಿರ್ಲಿಲ್ಲ."

"ಈಗ ಗೊತ್ತಾಯ್ತು. ಹೂಂ, ಕಲ್ಲಿಡು."

ಬಹಳ ಹೊತ್ತಾದ ಮೇಲೆ ನೈದಾ ನೆಲ ನೋಡುತ್ತಲೇ ಏನೋ ಹೇಳಿದಳು. ದೆಲ್ಫಿನಳಿಗೆ ಕೇಳಿಸಲಿಲ್ಲ. ಬೆನೀತಳಿಗೆ ಕೇಳಿಸಿತು. ಅವಳು ಇನ್ನೊಂದು ಕಲ್ಲನ್ನು ನೈದಾಳ ಕಡೆ ತಳ್ಳಿದಳು.

ಮಧ್ಯಾಹ್ನಕ್ಕೆ ಪೋಮ ಮನೆಯ ಪಾಲಿನ ಕಲ್ಲು ಮುಗಿದಿತ್ತು. ನೈದಾ ಎರಡು ಸಲ ಪಂಪು ಎಳೆದಿದ್ದಳು. ಎಲ್ಲರೂ ಬೀದಿಯ ಬದಿಯಲ್ಲಿ ಸುತ್ತ ಕೂತರು. ನಡುವೆ ಉದ್ದನೆಯ ಬಟ್ಟೆ ಹಾಸಿದರು. ಪ್ರತಿ ಮನೆಯವರೂ ತಮ್ಮ ಗಂಟು ಬಿಚ್ಚಿ ಅದರ ಮೇಲೆ ಸುರಿಯಬೇಕು, ಆಲೂಗಡ್ಡೆ, ಬೇಯಿಸಿದ ಅವರೆ, ಚೀಸು, ಒಣಮೀನು. ಸುರಿದ ಮೇಲೆ ಅದು ಯಾರದ್ದೂ ಅಲ್ಲ, ಎಲ್ಲರದ್ದು. ಆದರೆ ಅದಕ್ಕೆ ಮುಂಚೆ ತಕರಾರಿದ್ದರೆ ಹೇಳಿಬಿಡಬೇಕು. ಊಟಕ್ಕೆ ಕೈ ಹಾಕಿದವರಿಗೆ ಆಮೇಲೆ ತಕರಾರಿನ ಹಕ್ಕಿಲ್ಲ.

ಫೌಸ್ತೀನೊ ನಕ್ಷೆಯನ್ನು ಎತ್ತಿ ತೋರಿಸಿದ. "ಪೋಮ ಮನೆಗೆ ಮುದ್ರೆ ಕೇಳ್ತಿದ್ದಾರೆ. ಯಾರಿಗೆ ಏನು ಹೇಳೋದಿದೆ?"

ಒಂದೊಂದೇ ಗಂಟು ಬಿಚ್ಚಿಕೊಂಡಿತು. ಸತುರ್ನೀನಳನ್ನು ಯಾರೋ ಕೈಹಿಡಿದು ಕರೆತಂದಿದ್ದರು. ಅವಳ ಚುನ್ಯೊವೂ ಬಿತ್ತು. ಬೆನೀತ ಮಾತ್ರ ತನ್ನ ಗಂಟನ್ನು ತೊಡೆಯ ಮೇಲಿಟ್ಟುಕೊಂಡು, ಅದರ ಮೇಲೆ ಎರಡೂ ಕೈ ಇಟ್ಟು ಕೂತಳು. ಆಕಾಶ ಕಪ್ಪಾಗಿ ನಾಲ್ಕಾರು ಆಲಿಕಲ್ಲು ಉದುರಿದವು. ಯಾರೂ ಏಳಲಿಲ್ಲ, ಯಾರೂ ತಿನ್ನಲಿಲ್ಲ.

"ಬೆನೀತಾ, ಅವರೆ ಆರಿಹೋಗ್ತಿದೆ ಕಣೇ," ಅಂದ ಒಬ್ಬ ಮುದುಕ.

"ಆರ್ಲಿ. ನನ್ನ ಮಾತು ಬಿಸಿ ಇದೆ." ಅವಳು ತಿರುಗಿದ್ದು ನೈದಾಳ ಕಡೆಗಲ್ಲ, ದೆಲ್ಫಿನಳ ಕಡೆಗೆ. "ಮೇಡಮ್ಮಾ, ಇವಳಿಗೆ ಆರು ತಿಂಗಳು ನೀವು ಜೊತೆ ಇರ್ತೀರಿ ಅಂದ್ರಿ. ಶಾಲೆ, ಔಷಧಿ, ಎಲ್ಲ ನೋಡ್ತೀರಿ. ಒಳ್ಳೇದು. ಒಂದೂವರೆ ವರ್ಷದಲ್ಲಿ ನನ್ನ ಅಂಗಡಿಗೆ ಸರ್ಕಾರದವರು ಯಾರಾದ್ರೂ ಬಂದು 'ಹೇಗಿದ್ದೀಯಮ್ಮಾ' ಅಂತ ಕೇಳಿದ್ರಾ? ಮಂಗಳವಾರ ನೀವೂ ನನ್ನ ಬಾಗಿಲು ದಾಟ್ಕೊಂಡೇ ಹೋದ್ರಿ. ಎಣಿಸ್ಕೊಂಡು ಹೋದ್ರಿ."

ಆದೇಶದ ಹನ್ನೊಂದು ಅಂಶಗಳಲ್ಲಿ ಎಲ್ಲೂ ಬೆನೀತ ಇರಲಿಲ್ಲ.

"ಏನು ಮಾಡ್ಲಿ, ಹೇಳಿ," ಅಂದಳು ದೆಲ್ಫಿನ.

"ಶನಿವಾರ ಶನಿವಾರ ಬರ್ತೀರಲ್ಲ. ಮೊದ್ಲು ನನ್ನ ಅಂಗಡಿಗೆ ಬರ್ಬೇಕು. ಕೂತು, ಹುಡುಗಿ ಹೇಗಿದ್ದಾಳೆ, ಶಾಲೆಗೆ ಹೋದ್ಲಾ, ಯಾರ ಜೊತೆ ಓಡಾಡ್ತಾಳೆ, ಎಲ್ಲ ನಂಗೆ ಹೇಳ್ಬೇಕು. ಆಮೇಲೆ ಅವಳ ಮನೆ. ಬಾಯಲ್ಲಲ್ಲ, ಪುಸ್ತಕದಲ್ಲಿ ಬರ್ದು ಸಹಿ ಹಾಕಿ. ಬರೋದು ತಪ್ಪಿದ್ರೆ ನಾನು ಕೆಳಗೆ ನಿಮ್ಮ ಆಫೀಸಿಗೇ ಬಂದು ಗೇಟಿನ ಮುಂದೆ ಕೂತ್ಕೋತೀನಿ."

"ಎಲ್ಲ ಹೇಳೋಕಾಗಲ್ಲ, ದೋನ್ಯ ಬೆನೀತ. ಕೆಲವು ಅವಳದ್ದೇ. ಅವಳು ಹೇಳು ಅಂದದ್ದನ್ನ ಹೇಳ್ತೀನಿ. ಆದ್ರೆ ಬರ್ತೀನಿ. ಪ್ರತಿ ಶನಿವಾರ."

ಬೆನೀತ ಯೋಚಿಸಿದಳು. ಆಲಿಕಲ್ಲು ಅವಳ ಟೋಪಿಯ ಅಂಚಿನಲ್ಲಿ ಟಕಟಕ ಅಂದಿತು.

"ನಾನೇ ಬಂದು ಹೇಳ್ತೀನಿ," ಅಂದಳು ನೈದಾ ಇದ್ದಕ್ಕಿದ್ದಂತೆ. "ಇವರ ಜೊತೆ ಬರ್ತೀನಿ."

"ನಿನ್ನ ಮುಖ ನಂಗೆ ಇನ್ನೂ ಬೇಡ," ಅಂದಳು ಬೆನೀತ. "ಬೇಕಾದಾಗ ಹೇಳಿ ಕಳಿಸ್ತೀನಿ. ಮೇಡಮ್ಮಾ, ಸಹಿ."

ದೆಲ್ಫಿನ ಬಡಾವಣೆಯ ಪುಸ್ತಕದಲ್ಲಿ ಬರೆದು ಸಹಿ ಹಾಕಿದಳು. ಇದಕ್ಕೆ ಇಲಾಖೆ ಏನನ್ನುತ್ತದೋ ಗೊತ್ತಿರಲಿಲ್ಲ. ಬೆನೀತ ಪುಸ್ತಕವನ್ನು ತನ್ನ ಕಡೆ ತಿರುಗಿಸಿಕೊಂಡು, ಸಹಿಯ ಮೇಲೆ ಬೆರಳಾಡಿಸಿ, ಗಂಟು ಬಿಚ್ಚಿದಳು. ಹುರಿದ ಒಣಮಾಂಸ, ಮೊಟ್ಟೆ. ಇಡೀ ಬೀದಿಯಲ್ಲೇ ಒಳ್ಳೆಯ ಗಂಟು ಅವಳದ್ದಾಗಿತ್ತು. ಅರವತ್ತು ಕೈಗಳು ಒಟ್ಟಿಗೇ ಮುಂದೆ ಬಂದವು. ಫೌಸ್ತೀನೊ ಕರವಸ್ತ್ರ ಬಿಡಿಸಿ, ಮುದ್ರೆಗೆ ಬಾಯಿಂದ ಬಿಸಿಯುಸಿರು ಊದಿ, ಮುಖವಿಲ್ಲದ ಅಜ್ಜಿಯ ಪಕ್ಕದಲ್ಲಿ ಒತ್ತಿದ.

ಶುಕ್ರವಾರದ ವಿಚಾರಣೆ ಹನ್ನೆರಡು ನಿಮಿಷದಲ್ಲಿ ಮುಗಿಯಿತು. ನ್ಯಾಯಾಧೀಶರು ನಕ್ಷೆಯನ್ನು ಒಮ್ಮೆ ಹೀಗೆ, ಒಮ್ಮೆ ಹಾಗೆ ತಿರುಗಿಸಿದರು.

"ಉತ್ತರ ಯಾವ ಕಡೆ?"

"ನಾಯಿ ಇರೋ ಕಡೆ, ಸ್ವಾಮಿ," ಅಂದಳು ನೈದಾ.

ಅವರು ಸಹಿ ಹಾಕಿದರು.

ನಾಲ್ಕು ಗಂಟೆ ದಾಟಿತ್ತು. ಹೊಸ ಕಲ್ಲಿನ ಮೇಲೆ ಇಬ್ಬರೂ ನಡೆದರು. ಅಂಗಡಿಯ ಜಾಲರಿಯ ಹಿಂದೆ ಬೆನೀತ ತಲೆಯೆತ್ತಿ ನೋಡಿ, ಮತ್ತೆ ಸಕ್ಕರೆ ತೂಗತೊಡಗಿದಳು. ಹದಿಮೂರನೆಯ ಬಾಗಿಲು ತಗಡಿನದು. ತಟ್ಟಬೇಕಾಗಲಿಲ್ಲ, ಸತುರ್ನೀನ ಹೆಜ್ಜೆ ಕೇಳಿಸಿಕೊಂಡೇ ತೆಗೆದಳು. ಮೊಮ್ಮಗಳ ಮುಖವನ್ನು ಎರಡೂ ಕೈಯಿಂದ ತಡವಿದಳು, ಹಣೆ, ಮೂಗು, ಕೆನ್ನೆ.

"ಎತ್ತರ ಆಗಿದ್ದೀಯ. ಹೊದಿಕೆ ಸಾಲಲ್ಲ."

"ಕಾಲು ಮಡಚ್ಕೋತೀನಿ ಅಜ್ಜಿ."

ದೆಲ್ಫಿನ ಚೀಲದಿಂದ ಕೊನೆಯ ಕಾಗದ ತೆಗೆದಳು. ಯಾರ ಕೈಗೆ ಒಪ್ಪಿಸಲಾಯಿತು ಅನ್ನುವ ಜಾಗ ಖಾಲಿಯಿತ್ತು. "ಇಲ್ಲಿ ಹೆಬ್ಬೆಟ್ಟು ಒತ್ತಬೇಕು, ದೋನ್ಯ ಸತುರ್ನೀನ. ಸಿಕ್ಕಿದಳು ಅಂತ."

"ಇವಳೇನು ಗ್ಯಾಸ್ ಸಿಲಿಂಡರಾ, ಸಹಿ ಹಾಕಿ ಇಳಿಸ್ಕೊಳ್ಳೋಕೆ?" ಅಜ್ಜಿ ಗೊಣಗಿದಳು. ಗೊಣಗುತ್ತಲೇ ಬಲಗೈ ಚಾಚಿದಳು. ನೈದಾ ಅದನ್ನು ಹಿಡಿದು, ಶಾಯಿಗೆ ಅದ್ದಿ, ಖಾಲಿ ಜಾಗದ ಮೇಲೆ ತಂದು ಬಿಟ್ಟಳು. ಅಜ್ಜಿ ಗಟ್ಟಿಯಾಗಿ ಒತ್ತಿದಳು.